ಚಿಕ್ಕವಳಿಗೆ ಇಡ್ಲಿ ತಿನ್ನಿಸಿದ್ದು

ತಂಗಿಯ ಚಿಕ್ಕ ಮಗಳನ್ನು ನಾನು ಕೆಲಸ ಮಾಡುವ ವಾರ್ಡಿಗೇ ತಂದು ಸೇರಿಸಿದರು. ಸೇಲಂನ ಒಂದು ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನಾನು ಆಯಾ. ಹಾಸಿಗೆ ಬದಲಾಯಿಸುವುದು, ಮಕ್ಕಳನ್ನು ಎಕ್ಸರೇಗೆ, ಸ್ಕ್ಯಾನಿಗೆ ಕರೆದೊಯ್ಯುವುದು, ರಕ್ತ ತೆಗೆಯುವಾಗ ಕೈ ಅಲುಗದ ಹಾಗೆ ಹಿಡಿಯುವುದು, ಆಪರೇಷನ್ನಿಗೆ ಹೋಗುವ ಮಗುವನ್ನು ಮೀಯಿಸಿ ಸಿದ್ಧ ಮಾಡುವುದು ನನ್ನ ಕೆಲಸ. ಇದರ ಜೊತೆಗೆ ಯಾರೂ ಹೇಳದೆಯೇ ಇನ್ನೊಂದು ಕೆಲಸ ನನ್ನ ಪಾಲಿಗೆ ಬಂದಿದೆ. ಪಾಲಮಲೆಯಿಂದಲೋ ನಲ್ಲಂಪಳ್ಳಿ ಕಡೆಯ ಹಳ್ಳಿಗಳಿಂದಲೋ ಬರುವ, ಮನೆಯಲ್ಲಿ ಕನ್ನಡವಾಡುವ ನಮ್ಮ ಜನ, ಅದರಲ್ಲೂ ವಯಸ್ಸಾದ ಹೆಂಗಸರು, ಡಾಕ್ಟರ ಮುಂದೆ ನಿಂತರೆ ತಮಿಳು ಮರೆಯುತ್ತಾರೆ. ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ತಮಿಳಿನಲ್ಲಿ ಹೇಳುತ್ತೇನೆ. ಡಾಕ್ಟರು ಹೇಳಿದ್ದನ್ನು ತಿರುಗಿಸಿ ಅವರಿಗೆ ಹೇಳುತ್ತೇನೆ.

ಈ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ಮಾತು ಮುಗಿಸುವ ಮುಂಚೆ ಬಹಳ ಜನ ದನಿ ಇಳಿಸಿ, "ಇದ್ ಮಾತ್ರ ಡಾಕ್ಟ್ರಿಗೆ ಯೋಳ್ಬ್ಯಾಡ ಕಣವ್ವ" ಎನ್ನುತ್ತಾರೆ. ಮಗುವಿನ ಹೊಟ್ಟೆಗೆ ಬರೆ ಹಾಕಿಸಿರುತ್ತಾರೆ. ಯಾವುದೋ ನಾಟಿ ಮದ್ದು ಕುಡಿಸಿರುತ್ತಾರೆ. ನಾನು ಅವರ ಜೊತೆ ಜಗಳವಾಡಿ, ಪುಸಲಾಯಿಸಿ, ಒಪ್ಪಿಸಿ, ಆಮೇಲೆ ಹೇಳುತ್ತೇನೆ. ಅವರು ಒಪ್ಪದೆ ನಾನು ಹೇಳಿದವಳಲ್ಲ. ಆ ನಂಬಿಕೆಯ ಮೇಲೆಯೇ ಅವರು ನನ್ನ ಬಳಿ ಬಾಯಿ ಬಿಡುವುದು.

ಚಿಕ್ಕವಳಿಗೆ ಆಗ ಎಂಟು ವರ್ಷ. ನೋಡಿದರೆ ಐದು ಅನ್ನಬೇಕು. ಮುಖ ಊದಿಕೊಂಡಿತ್ತು, ಮೈ ಚರ್ಮ ಒರಟಾಗಿ ಒಣಗಿತ್ತು, ಬೆನ್ನಿನ ಮೇಲೆಲ್ಲ ಕೂದಲು. ಧ್ವನಿ ದಪ್ಪ. ವಾರಕ್ಕೊಮ್ಮೆ ಕಕ್ಕಸಿಗೆ ಹೋದರೆ ಹೆಚ್ಚು. ಬಿಸಿಲಿನಲ್ಲೂ ಚಳಿ ಎನ್ನುತ್ತಿದ್ದಳು. ಕೂರಿಸಿದಲ್ಲಿ ಕೂತಿರುತ್ತಿದ್ದಳು. ಹೀಗೆ ವರ್ಷಗಳಿಂದ ಇದ್ದಳು, ಯಾರೂ ಡಾಕ್ಟರ ಬಳಿ ಕರೆದೊಯ್ಯಲಿಲ್ಲ. ಹಟ ಮಾಡದ, ಊಟ ಕೇಳದ, ಎದುರು ಮಾತಾಡದ ಹೆಣ್ಣುಮಗುವನ್ನು ಯಾರು ಡಾಕ್ಟರಿಗೆ ತೋರಿಸುತ್ತಾರೆ? ಶಾಲೆಯಲ್ಲಿ ಟೀಚರು ಇವಳನ್ನು ನೋಡಿ ಕಲಿಯಿರಿ ಎನ್ನುತ್ತಿದ್ದರಂತೆ. ತಲೆನೋವು ಶುರುವಾಗಿ, ಪಕ್ಕದಲ್ಲಿ ಬರುವುದು ಕಾಣದೆ, ಮನೆಯ ಕುರಿಮರಿಗಳನ್ನೇ ಎಡವಿ ಬೀಳತೊಡಗಿದಾಗ ಧರ್ಮಪುರಿಯಲ್ಲಿ ಕಣ್ಣು ತೋರಿಸಿದರು. ಕಣ್ಣಿನ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ ಎಂದು ನಮ್ಮಲ್ಲಿಗೆ ಕಳಿಸಿದರು.

ಸ್ಕ್ಯಾನಿನ ಕೋಣೆಗೆ ನಾನೇ ಕರೆದುಕೊಂಡು ಹೋದೆ. ಕಿವಿಯೋಲೆ ಬಿಚ್ಚಿದೆ, ಉಡಿದಾರದಲ್ಲಿದ್ದ ತಾಯಿತ ಬಿಚ್ಚಿದೆ, ಕಿವಿಗೆ ಹತ್ತಿ ಇಟ್ಟೆ. ಬೇರೆ ಮಕ್ಕಳು ಆ ಯಂತ್ರದ ಸದ್ದಿಗೆ ಕಿರುಚಿ ಹೊರಗೆ ಓಡುತ್ತಾರೆ, ಅವರಿಗೆ ಮತ್ತು ಬರುವ ಔಷಧ ಕೊಡಬೇಕಾಗುತ್ತದೆ. ಇವಳಿಗೆ ಏನೂ ಬೇಕಾಗಲಿಲ್ಲ. ಅಷ್ಟು ಹೊತ್ತು ಕಲ್ಲಿನಂತೆ ಮಲಗಿದ್ದಳು. ಯಂತ್ರ ನಡೆಸುವವನು ಹೊರಗೆ ಬಂದು, "ಎನ್ನ ಸಮತ್ತಾನ ಕೊಳಂದೆ" ಎಂದ. ಎಷ್ಟು ಒಳ್ಳೆಯ ಮಗು ಎಂದು.

ಫಿಲ್ಮು ಬಂತು. ಮೆದುಳಿನ ಬುಡದಲ್ಲಿ, ಪಿಟ್ಯುಟರಿ ಎಂಬ ಗ್ರಂಥಿ ಇರುವ ಜಾಗದಲ್ಲಿ, ಗಡ್ಡೆ. ಕಣ್ಣಿನ ನರಗಳನ್ನು ಕೆಳಗಿನಿಂದ ಒತ್ತುತ್ತಿತ್ತು.

ಅದೇ ಜಾಗದ ಅದೇ ಗಡ್ಡೆಯನ್ನು ನಾನು ಅದರ ಹಿಂದಿನ ವರ್ಷ ಇನ್ನೊಂದು ಫಿಲ್ಮಿನಲ್ಲಿ ನೋಡಿದ್ದೆ. ಅದು ಇವಳ ಅಕ್ಕನದು.

ದೊಡ್ಡವಳು ನನ್ನ ಬಳಿ ಬೆಳೆದ ಮಗು. ಗಂಡ ತೀರಿಕೊಂಡ ಮೇಲೆ ಸೇಲಂ ಪಕ್ಕದ ತಾರಮಂಗಲಂನಲ್ಲಿ ಒಬ್ಬಳೇ ಇದ್ದ ನನಗೆ, ಜೊತೆಗಿರಲಿ ಎಂದು ತಂಗಿ ಅವಳನ್ನು ಕಳಿಸಿದ್ದಳು. ಅಲ್ಲಿಯೇ ಶಾಲೆಗೆ ಹೋದಳು. ನಾನು ಡ್ಯೂಟಿಯಿಂದ ಬರುವವರೆಗೆ ದೇವಸ್ಥಾನದ ಹೊರಗೆ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕೂತಿರುತ್ತಿದ್ದಳು. ಅವಳೂ ಕುಳ್ಳಿ, ಅವಳೂ ಮೌನಿ. ನಮ್ಮ ಆಸ್ಪತ್ರೆಯಲ್ಲಿ ಆಗ ಆ ಗಡ್ಡೆ ತೆಗೆಯುವ ಡಾಕ್ಟರು ಇರಲಿಲ್ಲ. ದೂರದ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂಗಿನ ಮೂಲಕ ಹೋಗಿ ಗಡ್ಡೆ ತೆಗೆಯುತ್ತೇವೆ ಎಂದರು. ತೆಗೆದೂ ತೆಗೆದರು. ಆಪರೇಷನ್ ಚೆನ್ನಾಗಿ ಆಯಿತು ಎಂದು ಹೊರಗೆ ಬಂದು ಹೇಳಿದರು. ಆದರೆ ಮತ್ತು ಇಳಿಯಲಿಲ್ಲ. ಮೈ ತಣ್ಣಗಾಗುತ್ತಾ ಹೋಯಿತು, ಎದೆಬಡಿತ ನಿಧಾನವಾಗುತ್ತಾ ಹೋಯಿತು, ಎರಡನೆಯ ದಿನ ನಿಂತಿತು. ಕೆಲವು ಮಕ್ಕಳಿಗೆ ಹೀಗಾಗುತ್ತದೆ ಎಂದರು. ಕೆಲವು ಮಕ್ಕಳಿಗೆ ಯಾಕೆ ಹಾಗಾಗುತ್ತದೆ ಎಂದು ಕೇಳಿದೆ. ಉತ್ತರ ಕೊಡಲು ಯಾರಿಗೂ ಹೊತ್ತಿರಲಿಲ್ಲ. ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದೆವು.

ಈಗ ಅದೇ ಗಡ್ಡೆ, ಅವಳ ತಂಗಿಯ ತಲೆಯಲ್ಲಿ.

ನಮ್ಮಲ್ಲಿ ಈಗ ತಲೆಯ ಆಪರೇಷನ್ ಮಾಡುವ ಸರ್ಜನ್ ಬಂದಿದ್ದರು. ಅವರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಕಣ್ಣು ಉಳಿಯಬೇಕಾದರೆ ಬೇಗ ತೆಗೆಯಬೇಕು ಎಂದರು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಹಾರ್ಮೋನು ಬಹಳ ಕಡಿಮೆ ಎಂದು ಬಂದಿತ್ತು. ಅದಕ್ಕೂ ಅವರ ಬಳಿ ಉತ್ತರವಿತ್ತು. ಪಿಟ್ಯುಟರಿ ಹೇಳಿದಂತೆ ಥೈರಾಯ್ಡ್ ಕೆಲಸ ಮಾಡುತ್ತದೆ, ಗಡ್ಡೆ ಪಿಟ್ಯುಟರಿಯನ್ನು ಹಿಂಡಿದೆ, ಹಾಗಾಗಿ ಥೈರಾಯ್ಡೂ ಸೊರಗಿದೆ. ಕೇಳಿದರೆ ಸರಿ ಎನ್ನಿಸುವ ಮಾತು. ದೊಡ್ಡವಳ ವಿಷಯದಲ್ಲಿ ಆ ದೂರದ ಆಸ್ಪತ್ರೆಯವರೂ ಇದೇ ಮಾತನ್ನು ಹೀಗೆಯೇ ಹೇಳಿದ್ದರು. ಪಿಟ್ಯುಟರಿ ಥೈರಾಯ್ಡಿಗೆ ಕಳಿಸುವ ಆಜ್ಞೆಯ ಹಾರ್ಮೋನು ಎಷ್ಟಿದೆ ಎಂದು ನೋಡುವ ಇನ್ನೊಂದು ಪರೀಕ್ಷೆ ಇದೆ. ಅದನ್ನು ಟಿಎಸ್‌ಎಚ್ ಎನ್ನುತ್ತಾರೆ. ನಮ್ಮ ಲ್ಯಾಬಿನಲ್ಲಿ ಅದಕ್ಕೆ ಬೇಕಾದ ರಾಸಾಯನಿಕ ಮುಗಿದಿತ್ತು. ತರಿಸಲು ಯಾರೂ ಅವಸರ ಮಾಡಿರಲಿಲ್ಲ. ಅದಿಲ್ಲದೆಯೇ ದಿನ ಗೊತ್ತು ಮಾಡಿದರು.

ನನ್ನ ತಂಗಿಯ ಗಂಡ ಬೇರೆಯವನಲ್ಲ, ನಮ್ಮ ಅವ್ವನ ಒಡಹುಟ್ಟಿದ ತಮ್ಮ. ನಮಗೆ ಸೋದರಮಾವ. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು ಹಕ್ಕು. ಕುರಿ ಸಾಕಿಕೊಂಡು, ಮಳೆ ಬಂದರೆ ರಾಗಿ ಹಾಕಿಕೊಂಡು ಇರುವವನು ಮಾವ. ಅವನಿಗೆ ಸರ್ಜನ್ ಹೇಳಿದ್ದನ್ನು ತಿಳಿಸಿದೆ. ಬಹಳ ಹೊತ್ತು ಮೀಸೆ ಒರೆಸಿಕೊಂಡ.

"ಆಗ್ಲಿ ಬುಡು. ಮಾಡ್ಲಿ."

"ಮಾವ, ದೊಡ್ಡವ್ಳಿಗೂ ಇಂಗೇ ಅಲ್ವಾ ಅಂದಿದ್ದು?"

"ಅಂಗಂತ ಕಣ್ಣು ಓಗ್ಲಿ ಅಂತ ಬುಟ್ಬುಡ್ಲಾ? ಒಂದ್ ಕೂಸು ಮಣ್ಣಿಗೆ ಕೊಟ್ಟೆ. ಇನ್ನೊಂದ್ ಕೂಸ್ನ ಕುರುಡಿ ಮಾಡ್ಕೊಳ್ಳಲಾ? ನೀನೇ ಯೋಳು."

ತಂಗಿ ಗೋಡೆಗೆ ಒರಗಿ ಕೂತಿದ್ದಳು. ಆಪರೇಷನ್ನಿಗೆ ಒಪ್ಪಿ ಹೆಬ್ಬೆಟ್ಟು ಒತ್ತಿದ ಮೇಲೆ ಬೆರಳನ್ನು ಸೆರಗಿಗೆ ತಿಕ್ಕುತ್ತಲೇ ಇದ್ದಳು.

ಆಪರೇಷನ್ನಿನ ಹಿಂದಿನ ದಿನ ಮಗುವಿಗೆ ಔಷಧದ ಸೋಪು ಹಾಕಿ ಮೀಯಿಸಬೇಕು. ವಾರ್ಡಿನ ಬಚ್ಚಲಲ್ಲಿ ಬಿಸಿನೀರು ತುಂಬಿಸಿ ಚಿಕ್ಕವಳನ್ನು ಕರೆದೆ. ಅವಳಿಗಿಂತ ಮುಂಚೆ, ಊರಿನಿಂದ ಜೊತೆಗೆ ಬಂದಿದ್ದ ನಮ್ಮ ಅವ್ವ ಒಳಗೆ ಬಂದಳು.

"ನಾನ್ ಮೀಯಿಸ್ತೀನಿ. ನೀ ಒರಗೋಗು."

"ಅವ್ವಾ, ಇದು ನನ್ ಕೆಲ್ಸ. ಕತ್ತಿನ್ ಮ್ಯಾಲೆ, ಮೂಗಿನ್ ಸುತ್ತ ಸರ್ಯಾಗಿ ಉಜ್ಬೇಕು."

"ನಿನ್ನ ಮೀಯಿಸ್ದೋಳು ನಾನು. ನಂಗ್ ಕಲಿಸ್ಕೊಡ್ತೀಯಾ? ಓಗು ಅಂದೆ."

ಮಗುವಿನ ಲಂಗವನ್ನು ಅವ್ವ ಬಿಗಿಯಾಗಿ ಹಿಡಿದುಕೊಂಡಿದ್ದಳು. ನಾನು ಕೈ ಬಿಡಿಸಿದೆ. ಒಳಗೆ ಹಳೆಯ ಸೀರೆಯ ತುಂಡು ಕಟ್ಟಿತ್ತು. ಅದರಲ್ಲಿ ರಕ್ತ.

ಏಟು ಬಿದ್ದಿದೆಯೇ ಎಂದು ನೋಡಿದೆ. ಇರಲಿಲ್ಲ. ಅವ್ವನ ಮುಖ ನೋಡಿದೆ.

"ಎಷ್ಟ್ ದಿನದಿಂದ?"

"ಅವಾಗವಾಗ ಬತ್ತದೆ. ಓಗ್ತದೆ. ನೀ ಬಾಯ್ ಮುಚ್ಕೊಂಡ್ ನೀರ್ ಉಯ್ಯಿ."

"ಎಂಟು ವರ್ಸದ್ ಮಗಿಗೆ ಅವ್ವಾ!"

"ಅದ್ಕೇ ಬಾಯ್ ಮುಚ್ಚು ಅಂದಿದ್ದು. ಮೈ ನೆರದವ್ಳೆ ಅಂದ್ರೆ ಊರ್ಗೆ ಯೋಳ್ಬೇಕು. ನಿನ್ ತಮ್ಮ ಸೊಪ್ಪು ತಂದು ಗುಡ್ಲು ಆಕ್ಬೇಕು. ಇಷ್ಟುದ್ದ ಕೂಸ್ನ ಗುಡ್ಲಲ್ಲಿ ಕೂರ್ಸಿದ್ರೆ ಊರೋರು ಎಲ್ಲಿಂದ ನಗ್ತಾರೆ ಗೊತ್ತಾ? ಒತ್ತಿಗ್ ಮುಂಚೆ ನೆರದ್ರೆ ಮನೆಗಾಗಲ್ಲ ಕಣೇ, ಕುರಿ ಮಂದೆಗೂ ಆಗಲ್ಲ. ಅನ್ನೆರಡು ಅದಿಮೂರು ತುಂಬ್ಲಿ, ಆವಾಗ ಈಗಲೇ ಆಗೈತೆ ಅಂತ ಯೋಳಿ ಮಾಡುವ ಅಂದ್ಕೊಂಡಿದ್ದೆ."

ಗುಡ್ಲು ಎಂದರೆ ಹಸಿರು ಸೊಪ್ಪಿನ ಗುಡಿಸಲು. ಹುಡುಗಿ ಮೈ ನೆರೆದು ದೊಡ್ಡವಳಾದಾಗ ಅವಳ ಸೋದರಮಾವ ಕಟ್ಟಬೇಕು. ಅದರಲ್ಲಿ ಅವಳನ್ನು ಕೂರಿಸಿ, ಕೊನೆಯ ದಿನ ಆರತಿ ಮಾಡಿ ಒಳಗೆ ಕರೆಯುತ್ತಾರೆ. ನಾನೂ ಕೂತಿದ್ದೆ, ತಂಗಿಯೂ ಕೂತಿದ್ದಳು. ಅದು ಊರಿಗೆ ಗೊತ್ತಾಗುವ ಸಂಗತಿ, ಊರಿಗೆ ಗೊತ್ತಾಗದಂತೆ ಮಾಡಲು ಬರುವುದಿಲ್ಲ. ಹಾಗಾಗಿ ಅವ್ವ ರಕ್ತವನ್ನೇ ಇಲ್ಲವೆನ್ನಿಸಿದ್ದಳು. ಬಟ್ಟೆಯನ್ನು ಒಲೆಗೆ ಹಾಕಿದ್ದಳು. ಮಗುವಿಗೆ, ಬಾಯಿ ಬಿಟ್ಟರೆ ನಾಲಿಗೆ ಉದುರುತ್ತದೆ ಎಂದು ಹೆದರಿಸಿದ್ದಳು.

ನಾನು ಚೊಂಬು ಕೆಳಗಿಟ್ಟೆ. ಆಗ ಅವ್ವ, ನನ್ನನ್ನು ಸಮಾಧಾನಪಡಿಸಲು ಎಂಬಂತೆ, ಇನ್ನೊಂದು ಮಾತು ಹೇಳಿದಳು.

"ದೊಡ್ಡೋಳ್ಗೂ ಇಂಗೇ ಆಗಿತ್ತು. ರಜಕ್ಕೆ ಬಂದಿದ್ದಾಗ. ಅವ್ಳೂ ಯಾರ್ಗೂ ಯೋಳ್ಲಿಲ್ಲ, ಪಾಪ. ಬಂಗಾರದಂತೋಳು."

ನನ್ನ ಮನೆಯಲ್ಲಿ ಇದ್ದ ಮಗು, ನಾನು ತಲೆ ಬಾಚಿದ ಮಗು. ಅವಳ ಮೈಯಲ್ಲಿ ನಡೆದದ್ದನ್ನು ನನಗೂ ಹೇಳದಂತೆ ಮಾಡಿದ್ದರು. ಈ ರಕ್ತಕ್ಕೂ ಆ ಗಡ್ಡೆಗೂ ಏನು ಸಂಬಂಧ ಎಂದು ನನಗೆ ಗೊತ್ತಿರಲಿಲ್ಲ. ಸಂಬಂಧ ಇಲ್ಲದೆಯೂ ಇರಬಹುದು. ಆದರೆ ಚಾಕು ಹಿಡಿಯುವವರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಂದು ಮಗು ಒಳಗೆ ಹೋಗಿತ್ತು, ಇನ್ನೊಂದು ನಾಳೆ ಹೋಗುವುದರಲ್ಲಿತ್ತು. ಅಷ್ಟು ಸಾಕಾಗಿತ್ತು.

"ನಾನ್ ಡಾಕ್ಟ್ರಿಗೆ ಯೋಳ್ತೀನಿ" ಎಂದೆ.

"ಯೋಳಿದ್ರೆ ನನ್ ಎಣಕ್ಕೆ ನೀ ಬರ್ಕೂಡದು."

"ಬರಲ್ಲ ಬುಡು" ಎಂದೆ.

ಇಷ್ಟು ವರ್ಷಗಳಲ್ಲಿ ಒಪ್ಪಿಗೆ ಇಲ್ಲದೆ ನಾನು ತಮಿಳಿಗೆ ದಾಟಿಸಿದ ಮೊದಲ ಮಾತು ನನ್ನ ತಾಯಿಯದು.

ವಾರ್ಡಿನಲ್ಲಿ ಆ ಹೊತ್ತು ಇದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮಕ್ಕಳ ವಿಭಾಗದವರು, ಸೇರಿ ಬಹಳ ದಿನ ಆಗಿರಲಿಲ್ಲ. ನಾನು ಹೇಳಿದ್ದನ್ನು ಕೇಳಿ ಅವರು ಪೆನ್ನು ಕೆಳಗಿಟ್ಟರು. ಚಿಕ್ಕವಳ ಬಳಿ ಬಂದು ಹೊಟ್ಟೆ ಮುಟ್ಟಿ ನೋಡಿದರು, ಎದೆ ನೋಡಿದರು, ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರು. ಬೇರೆ ಮಕ್ಕಳ ಕಾಲು ಚಕ್ಕನೆ ಎದ್ದು ಚಕ್ಕನೆ ಬೀಳುತ್ತದೆ. ಇವಳದು ಎದ್ದು, ಬೀಳುವುದೋ ಬೇಡವೋ ಎಂಬಂತೆ ಮೆಲ್ಲಗೆ ಇಳಿಯಿತು. ಅವರು ಮತ್ತೆ ತಟ್ಟಿದರು. ಮತ್ತೆ ಹಾಗೆಯೇ.

"ಎಡಗೈ ಮಣಿಕಟ್ಟಿನ ಎಕ್ಸರೇ ಬೇಕು. ಈಗಲೇ" ಎಂದರು.

ಕರೆದುಕೊಂಡು ಓಡಿದೆ. ಎಕ್ಸರೇ ನೋಡಿ ಅವರು ಹೇಳಿದ್ದು ಇಷ್ಟು. ವಯಸ್ಸಿಗೆ ಮುಂಚೆ ಮೈ ನೆರೆಯುವ ಮಕ್ಕಳ ಮೂಳೆ ವಯಸ್ಸಿಗಿಂತ ಮುಂದೆ ಓಡಿರುತ್ತದೆ. ಇವಳ ಮೂಳೆ ನಾಲ್ಕು ವರ್ಷದ ಮಗುವಿನದು. ರಕ್ತ ಮುಂದೆ, ಮೂಳೆ ಹಿಂದೆ. ಎರಡೂ ಒಟ್ಟಿಗೆ ಬರುವ ಕಾಯಿಲೆ ಅವರು ಓದಿದ್ದರಲ್ಲಿ ಒಂದೇ. ಕತ್ತಿನಲ್ಲಿರುವ ಥೈರಾಯ್ಡೇ ಕೆಟ್ಟಿರುವುದು.

"ಹಾಗಾದರೆ ತಲೆಯಲ್ಲಿರುವ ಗಡ್ಡೆ?" ಎಂದು ಕೇಳಿದೆ.

"ಅದು ಗಡ್ಡೆಯೇ ಅಲ್ಲದಿರಬಹುದು. ಥೈರಾಯ್ಡ್ ಕೆಲಸ ಮಾಡುತ್ತಿಲ್ಲ ಅಂತ ಪಿಟ್ಯುಟರಿ ವರ್ಷಗಟ್ಟಲೆ ಕೂಗುತ್ತಲೇ ಇದ್ದರೆ ಅದೇ ಊದಿಕೊಳ್ಳುತ್ತದೆ. ಸ್ಕ್ಯಾನಿನಲ್ಲಿ ಗಡ್ಡೆಯ ಹಾಗೆಯೇ ಕಾಣುತ್ತದೆ. ಮಾತ್ರೆ ಕೊಟ್ಟರೆ ಕರಗುತ್ತದೆ. ಆದರೆ ಟಿಎಸ್‌ಎಚ್ ನೋಡದೆ ನಾನು ಏನೂ ಹೇಳೋದಕ್ಕೆ ಆಗುವುದಿಲ್ಲ."

ಆಪರೇಷನ್ನಿಲ್ಲ. ಮಾತ್ರೆ. ಆ ಎರಡು ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ದೊಡ್ಡವಳಿಗೆ ಯಾರೂ ಮಾತ್ರೆ ಎಂದಿರಲಿಲ್ಲ.

ರಕ್ತ ತೆಗೆದು ಹೊರಗಿನ ಲ್ಯಾಬಿಗೆ ಕಳಿಸಿದೆವು. ರಿಸಲ್ಟು ಮಾರನೆಯ ದಿನ ಮಧ್ಯಾಹ್ನ ಎಂದರು. ಆಪರೇಷನ್ ಇದ್ದದ್ದು ಮಾರನೆಯ ದಿನ ಬೆಳಿಗ್ಗೆ, ಮೊದಲ ಕೇಸು. ಡಾಕ್ಟರಮ್ಮ ಸರ್ಜನ್ನರ ಕೋಣೆಗೆ ಹೋದರು. ಎಕ್ಸರೇ ಹಿಡಿದುಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಅರ್ಧ ದಿನ ತಡೆಯಿರಿ ಎಂದು ಕೇಳಿಕೊಂಡರು. ಸರ್ಜನ್ ಕೆಟ್ಟವರಲ್ಲ, ಕೂಗಾಡಲಿಲ್ಲ. ನಕ್ಕರು. ಅದನ್ನೇ ನನಗೆ ತಡೆಯಲಾಗಲಿಲ್ಲ. "ಗಡ್ಡೆ ಇದ್ದರೆ ಹಾರ್ಮೋನುಗಳೆಲ್ಲ ಏರುಪೇರಾಗುತ್ತವಮ್ಮಾ, ರಕ್ತವೂ ಅದರಿಂದಲೇ. ಒಂದು ದಿನ ತಪ್ಪಿದರೆ ಮತ್ತೆ ಥಿಯೇಟರು ಸಿಗುವುದು ಮುಂದಿನ ವಾರ. ಅಷ್ಟರಲ್ಲಿ ಕಣ್ಣು ಹೋದರೆ ನೀವು ಉತ್ತರ ಹೇಳುತ್ತೀರಾ?" ಎಂದರು. ಡಾಕ್ಟರಮ್ಮ ಹೊರಗೆ ಬಂದಾಗ ಅವರ ಕಿವಿ ಕೆಂಪಾಗಿತ್ತು. "ಅನಸ್ತೇಷಿಯಾದವರಿಗೆ ಬೆಳಿಗ್ಗೆ ಮತ್ತೆ ಹೇಳುತ್ತೇನೆ" ಎಂದರು. ಅವರ ದನಿಯಲ್ಲಿ ಬಲವಿರಲಿಲ್ಲ.

"ಅಮ್ಮಾ, ಥೈರಾಯ್ಡ್ ಇಷ್ಟು ಕಡಿಮೆ ಇದ್ದಾಗ ಮತ್ತು ಬರುವ ಔಷಧ ಕೊಟ್ಟರೆ ಏನಾಗುತ್ತೆ?" ಎಂದು ಕೇಳಿದೆ.

ಅವರಿಗೆ ದೊಡ್ಡವಳ ವಿಷಯ ಆಗ ಗೊತ್ತಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು. "ಕೆಲವು ಮಕ್ಕಳು ಏಳುವುದಿಲ್ಲ. ಮೈ ತಣ್ಣಗಾಗುತ್ತದೆ, ಎದೆಬಡಿತ ಇಳಿಯುತ್ತದೆ."

ಎಕ್ಸರೇಯನ್ನು ಅವರ ಕೈಗೆ ಕೊಟ್ಟು ಚಿಕ್ಕವಳ ಹಾಸಿಗೆಯ ಬಳಿಗೆ ಹೋದೆ.

ಬೆಳಿಗ್ಗೆ ಆಪರೇಷನ್ನಿಗೆ ಹೋಗುವ ಮಗುವಿನ ಹೊಟ್ಟೆ ಖಾಲಿ ಇರಬೇಕು. ಇದು ನಮ್ಮ ವಾರ್ಡಿನಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ. ಮತ್ತಿನಲ್ಲಿ ವಾಂತಿಯಾದರೆ ಉಸಿರಿನ ದಾರಿಗೆ ಹೋಗಿ ಜೀವ ಹೋಗುತ್ತದೆ. ಹಸಿದ ಮಕ್ಕಳು ಅಳುತ್ತವೆ, ತಾಯಂದಿರು ಸೆರಗಿನಲ್ಲಿ ಬಿಸ್ಕತ್ತು ಮುಚ್ಚಿಟ್ಟು ತರುತ್ತಾರೆ, ನಾನು ಕಿತ್ತುಕೊಂಡು ಬೈಯುತ್ತೇನೆ. ಆ ಬೆಳಿಗ್ಗೆ ನಾನೇ ಕ್ಯಾಂಟೀನಿಗೆ ಹೋಗಿ ಇಡ್ಲಿ ತಂದೆ. ಮುಚ್ಚಿ ತರಲಿಲ್ಲ. ಎಲೆಯನ್ನು ಹಾಸಿಗೆಯ ಮೇಲೆ ಬಿಚ್ಚಿ, ಸಾಂಬಾರು ಹಾಕಿ, ಚಿಕ್ಕವಳನ್ನು ಎಬ್ಬಿಸಿ ಕೂರಿಸಿದೆ.

"ದೊಡ್ಡವ್ವಾ, ತಿನ್ಕೂಡ್ದು ಅಂದ್ರಲ್ಲ?" ಎಂದಳು.

"ನಾನ್ ಯೋಳ್ತಿದೀನಿ. ತಿನ್ನು."

ಹಸಿವೇ ಇಲ್ಲದ ಮಗು. ತುತ್ತು ತುತ್ತಾಗಿ ಬಾಯಿಗಿಟ್ಟು ನುಂಗಿಸಬೇಕಾಯಿತು. ಪಕ್ಕದ ಹಾಸಿಗೆಯ ಹೆಂಗಸು ಎದ್ದು ನಿಂತು ನೋಡುತ್ತಿದ್ದಳು. ತಂಗಿ ಮುಖ ತೊಳೆದುಕೊಂಡು ಬಂದವಳು ಬಾಗಿಲಲ್ಲೇ ನಿಂತು ಮಾವನನ್ನು ಕೂಗಿದಳು. ಮಾವ ಓಡಿ ಬಂದು ಎಲೆಯನ್ನು ಕಿತ್ತೆಸೆದ. ಅಷ್ಟರಲ್ಲಿ ಎರಡು ಇಡ್ಲಿ ಒಳಗೆ ಹೋಗಿತ್ತು.

"ಏನ್ ಮಾಡ್ಬುಟ್ಟೆ ನೀನು? ತಲೆ ಕೆಟ್ಟೈತಾ? ನಾಳೆ ನನ್ ಕೂಸಿನ್ ಕಣ್ಣು ಓದ್ರೆ ನಿನ್ ಕಣ್ಣ ಕಿತ್ತು ಕೊಡ್ತೀಯಾ?"

"ಕೊಡ್ತೀನಿ ಕಿತ್ಕೋ. ಎರಡೂ ಕಿತ್ಕೋ. ಮದ್ಯಾನದ್ ತನಕ ಇವ್ಳ ಒಳಗೆ ಬುಡಲ್ಲ."

ನನ್ನ ಮಾತಿನ ಬಲ ಅಷ್ಟಿತ್ತು, ಒಳಗಿನ ಬಲ ಇರಲಿಲ್ಲ. ಡಾಕ್ಟರಮ್ಮನ ಊಹೆ ತಪ್ಪಾಗಿದ್ದರೆ? ಅದು ನಿಜವಾಗಿ ಗಡ್ಡೆಯೇ ಆಗಿದ್ದು, ನಾನು ತಿನ್ನಿಸಿದ ಇಡ್ಲಿಯಿಂದ ವಾರ ತಡವಾಗಿ, ಮಗು ಕುರುಡಾದರೆ? ಆಗ ನಾನು ಎಲ್ಲಿಗೆ ಹೋಗಲಿ?

ಕರೆದೊಯ್ಯಲು ಥಿಯೇಟರಿನವರು ಬಂದಾಗ ನಾನೇ ಮುಂದೆ ಹೋಗಿ, ಮಗು ಊಟ ಮಾಡಿದೆ ಎಂದೆ. ಅನಸ್ತೇಷಿಯಾದ ಡಾಕ್ಟರು ಫೋನಿನಲ್ಲೇ ಕೇಸು ಬೇಡ ಎಂದರು. ಸ್ವಲ್ಪ ಹೊತ್ತಿಗೆ ಸರ್ಜನ್ ಬಂದರು. ಈ ಸಲ ನಗಲಿಲ್ಲ.

"ಯಾರುಮ್ಮಾ ಸಾಪ್ಪಾಡು ಕುಡುತ್ತದು?" ಊಟ ಕೊಟ್ಟದ್ದು ಯಾರು ಎಂದು.

"ನಾನ್ ದಾನ್ ಸಾರ್." ನಾನೇ ಎಂದೆ.

ಅವರು ಮೇಲಿನವರಿಗೆ ಬರೆದು ಕೊಟ್ಟರು. ನನ್ನನ್ನು ಆ ಗಳಿಗೆಯೇ ಕೆಲಸದಿಂದ ಇಳಿಸಿ ಹೊರಗೆ ಕೂರಿಸಿದರು. ಸಮವಸ್ತ್ರದ ಕೋಟು ಬಿಚ್ಚಿಕೊಟ್ಟು ನಾನು ವರಾಂಡದ ಬೆಂಚಿನಲ್ಲಿ ಕೂತೆ. ಬೆಂಚಿನ ಆ ತುದಿಯಲ್ಲಿ ಅವ್ವ ಕೂತಿದ್ದಳು. ನನ್ನ ಕಡೆ ಬೆನ್ನು ಮಾಡಿ ಎಲೆ ಅಡಿಕೆ ಹಾಕಿಕೊಂಡಳು.

ಮಧ್ಯಾಹ್ನ ಡಾಕ್ಟರಮ್ಮ ಮೆಟ್ಟಿಲ ಮೇಲೆ ಓಡಿ ಬರುವುದು ಕಾಣಿಸಿತು. ಫೋನನ್ನು ನನ್ನ ಮುಖದ ಮುಂದೆ ಹಿಡಿದರು. ಅದರಲ್ಲಿ ಅಂಕಿ ಇರಲಿಲ್ಲ. ಯಂತ್ರ ಅಳೆಯಬಲ್ಲದ್ದಕ್ಕಿಂತ ಹೆಚ್ಚು ಎಂದು ಮಾತ್ರ ಇತ್ತು. ಗಡ್ಡೆ ಪಿಟ್ಯುಟರಿಯನ್ನು ಹಿಂಡಿದ್ದರೆ ಆಜ್ಞೆಯ ಹಾರ್ಮೋನು ಕಡಿಮೆ ಇರಬೇಕಿತ್ತು. ಇವಳ ತಲೆಯಿಂದ ಆಜ್ಞೆ ಹೊರಡುತ್ತಲೇ ಇತ್ತು, ಕತ್ತು ಕೇಳಿಸಿಕೊಳ್ಳುತ್ತಿರಲಿಲ್ಲ. ಗಡ್ಡೆ ಇರಲಿಲ್ಲ. ಊತವಿತ್ತು. ಆಪರೇಷನ್ ಬೇಕಿರಲಿಲ್ಲ. ಚಿಕ್ಕ ಬಿಳಿ ಮಾತ್ರೆ ಬೇಕಿತ್ತು.

ಸರ್ಜನ್ ರಿಸಲ್ಟು ನೋಡಿ ಕೇಸನ್ನು ತಮ್ಮ ಪಟ್ಟಿಯಿಂದ ಹೊಡೆದುಹಾಕಿದರು ಎಂದು ಆಮೇಲೆ ಕೇಳಿದೆ. ಕೆಲವು ವಾರ ಹೊರಗಿಟ್ಟು ನನ್ನನ್ನು ಮತ್ತೆ ತೆಗೆದುಕೊಂಡರು. ನಿಯಮ ಮುರಿದದ್ದಕ್ಕೆ ಶಿಕ್ಷೆ ಆಗಬೇಕಿತ್ತು, ಆಯಿತು. ಅದರ ಬಗ್ಗೆ ನನಗೆ ದೂರಿಲ್ಲ.

ನನ್ನ ದೂರು ಬೇರೆ. ಡಾಕ್ಟರಮ್ಮನಿಗೆ ದೊಡ್ಡವಳ ಕಥೆ ಹೇಳಿದೆ. ಕುಳ್ಳು, ಚಳಿ, ರಕ್ತ, ಗಡ್ಡೆ, ಇಳಿಯದ ಮತ್ತು, ಎಲ್ಲವನ್ನೂ. ತಂಗಿಗೂ ಮಾವನಿಗೂ ಮದುವೆಗೆ ಮುಂಚೆ ಏನು ಸಂಬಂಧ ಎಂದು ಅವರು ಕೇಳಿದರು. ಹತ್ತಿರದ ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಥೈರಾಯ್ಡಿನ ಈ ದೋಷ ಒಂದಕ್ಕಿಂತ ಹೆಚ್ಚು ಮಕ್ಕಳಿಗೆ ಬರುವುದುಂಟು ಎಂದರು.

"ಅವಳಿಗೂ ಇದೇನಾ ಅಮ್ಮಾ?"

"ಈಗ ತಿಳಿದುಕೊಳ್ಳೋದಕ್ಕೆ ದಾರಿ ಇಲ್ಲ."

ದಾರಿ ಆಗ ಇತ್ತು. ಬೆರಳು ಗಾತ್ರದ ಸೀಸೆಯಲ್ಲಿ ರಕ್ತ ತೆಗೆದು ಒಂದು ಪರೀಕ್ಷೆ ಮಾಡುವುದು. ದೇಶದ ಯಾವ ಮೂಲೆಯಲ್ಲೂ ಬಸುರಿಯರಿಗೆ ಮಾಡುವ ಪರೀಕ್ಷೆ ಅದು. ಅಷ್ಟು ದೊಡ್ಡ ಆಸ್ಪತ್ರೆ, ಅಷ್ಟು ಗಾಜು, ಅಷ್ಟು ಯಂತ್ರ. ತಲೆಬುರುಡೆಯ ತಳಕ್ಕೆ ಮೂಗಿನಿಂದ ದಾರಿ ಕೊರೆಯಲು ಬರುತ್ತಿತ್ತು, ಒಂದು ಸೀಸೆ ರಕ್ತ ಕಳಿಸಲು ಬರಲಿಲ್ಲ. ಅವಳ ತಲೆಯಿಂದ ಅವರು ತೆಗೆದದ್ದು ಗಡ್ಡೆಯನ್ನಲ್ಲ, ಅವಳ ಗ್ರಂಥಿಯನ್ನೇ ಇರಬಹುದು. ಇರಬಹುದು ಎನ್ನುವುದಕ್ಕಿಂತ ಹೆಚ್ಚು ನನಗೆ ಯಾರೂ ಎಂದೂ ಹೇಳುವುದಿಲ್ಲ.

ಚಿಕ್ಕವಳಿಗೆ ಕಡಿಮೆ ಮಾತ್ರೆಯಿಂದ ಶುರು ಮಾಡಿ ಮೆಲ್ಲಗೆ ಏರಿಸಿದರು. ಒಮ್ಮೆಲೇ ಕೊಟ್ಟರೆ ಎದೆ ತಡೆಯುವುದಿಲ್ಲ, ತಲೆನೋವು ಹೆಚ್ಚುತ್ತದೆ ಎಂದರು. ಬೆಳಿಗ್ಗೆ ಏನೂ ತಿನ್ನುವ ಮುಂಚೆ ನೀರಿನಲ್ಲಿ ಕೊಡಬೇಕು, ಜೀವನ ಪೂರ್ತಿ. ಮೊದಲು ಕೂದಲು ಉದುರಿತು, ಅವ್ವ ಎದೆ ಬಡಿದುಕೊಂಡಳು. ಆಮೇಲೆ ಮುಖದ ಊತ ಇಳಿಯಿತು. ರಕ್ತ ನಿಂತಿತು. ಪಕ್ಕದ ನೋಟ ಮರಳಿತು. ಕೆಲವು ತಿಂಗಳ ನಂತರ ಮತ್ತೆ ಸ್ಕ್ಯಾನಿಗೆ ನಾನೇ ಕರೆದೊಯ್ದೆ. ಈ ಸಲ ಅವಳು ಯಂತ್ರದೊಳಗೆ ಮಲಗಲು ಒಪ್ಪಲಿಲ್ಲ. ನನ್ನನ್ನು ಒದ್ದಳು, ಯಂತ್ರದವನಿಗೆ ತಮಿಳಿನಲ್ಲಿ ಬೈದಳು, ಕೊನೆಗೆ ಮತ್ತು ಬರುವ ಔಷಧ ಕೊಟ್ಟೇ ಮಲಗಿಸಬೇಕಾಯಿತು. ಫಿಲ್ಮಿನಲ್ಲಿ ಗ್ರಂಥಿ ಅದರ ಜಾಗದಲ್ಲಿ ಅದರ ಗಾತ್ರದಲ್ಲಿ ಇತ್ತು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಮುಂದಿನ ಸಲ ತಪಾಸಣೆಗೆ ಬಂದಾಗ ಟಿಎಸ್‌ಎಚ್ ಮತ್ತೆ ಏರಿತ್ತು. ಮಾತ್ರೆ ತಪ್ಪುತ್ತಿದೆಯೇ ಎಂದು ಡಾಕ್ಟರಮ್ಮ ಕೇಳಿದರು. ತಂಗಿ ಇಲ್ಲ ಎಂದು ತಲೆಯಾಡಿಸಿದಳು. ವರಾಂಡಕ್ಕೆ ಬಂದ ಮೇಲೆ, ನನ್ನ ಕೈ ಹಿಡಿದು ದನಿ ಇಳಿಸಿದಳು.

"ಇದ್ ಡಾಕ್ಟ್ರಿಗೆ ಯೋಳ್ಬ್ಯಾಡ ಕಣಕ್ಕ. ಅರ್ದ ಮುರ್ದು ಕೊಡ್ತಿದೀನಿ."

"ಯಾಕೆ?"

"ಮಗ್ಳು ಕೆಟ್ಟೋಗವ್ಳೆ ಅಕ್ಕ. ಎದುರು ಮಾತಾಡ್ತಾಳೆ. ಕುರಿ ಮ್ಯಾಲ್ ಕೂತ್ಕೊಂಡು ಓಡಿಸ್ತಾಳೆ. ಇಸ್ಕೂಲಲ್ಲಿ ಒಬ್ಬನ ಅಲ್ಲು ಉದುರಿಸವ್ಳೆ. ಟೀಚರು ಕರ್ಸಿ ಬೈದ್ರು. ಅವ್ವ ಅಂತಾಳೆ, ಮಾತ್ರೆ ತಲೆಗೇರೈತೆ, ಕಮ್ಮಿ ಮಾಡು, ಮುಂಚಿನಂಗೆ ಆಯ್ತಾಳೆ ಅಂತ. ಮುಂಚೆ ಎಂಗಿದ್ಲು ಯೋಳು, ಬಂಗಾರದಂಗೆ!"

ವರಾಂಡದಲ್ಲಿ ಜನ ಇದ್ದರು. ನಾನು ಲಕ್ಷಿಸಲಿಲ್ಲ.

"ಬಂಗಾರದಂಗಿದ್ದೋಳು ಒಲದ ಬದಿನಾಗೆ ಮಣ್ಣಲ್ಲಿ ಅವ್ಳೆ! ಇವ್ಳನ್ನೂ ಬಂಗಾರ ಮಾಡ್ಬೇಕಾ ನಿಂಗೆ? ಮಾಡ್ಕೋ ಓಗು! ನಾನ್ ನೋಡಕ್ಕೆ ಬರಲ್ಲ!"

ತಂಗಿ ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಕನಿಕರ ಬರಲಿಲ್ಲ. ಅವಳ ಕೈ ಹಿಡಿದೆಳೆದುಕೊಂಡು ಒಳಗೆ ಹೋಗಿ ಡಾಕ್ಟರಮ್ಮನಿಗೆ 'ಅರ್ಧ ಮಾತ್ರೆ' ಎಂದು ಅವಳ ಮುಂದೆಯೇ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಹೀಗೆ ಬಂದು ದೂರುವ ತಂದೆತಾಯಂದಿರು ಇದ್ದಾರೆ ಎಂದರು. ಕಾಯಿಲೆಯಿಂದ ಸುಮ್ಮನಿದ್ದ ಮಗುವನ್ನೇ ತಮ್ಮ ನಿಜವಾದ ಮಗು ಎಂದುಕೊಂಡಿರುತ್ತಾರಂತೆ.

ಅದನ್ನು ಕೇಳಿದ ಮೇಲೆ ನನ್ನ ಸಿಟ್ಟು ತಂಗಿಯ ಮೇಲೆ ನಿಲ್ಲಲಿಲ್ಲ. ಅವಳ ಮೇಲಿಂದ ಎದ್ದು, ಅವ್ವನ ಮೇಲಿಂದ, ಆ ಟೀಚರ ಮೇಲಿಂದ, ಎಲ್ಲರ ಮೇಲಿಂದ ಎದ್ದು, ಎಲ್ಲಿ ಕೂರಲಿ ಎಂದು ಈಗಲೂ ಸುತ್ತುತ್ತಿದೆ.

ಚಿಕ್ಕವಳನ್ನು ಅವತ್ತೇ ತಾರಮಂಗಲಂಗೆ ಕರೆತಂದೆ. ಮಾವ ಬೇಡ ಎನ್ನಲಿಲ್ಲ. ಈಗ ನನ್ನ ಬಳಿಯೇ ಇದ್ದಾಳೆ, ಇಲ್ಲಿಯ ಶಾಲೆಗೇ ಹೋಗುತ್ತಾಳೆ. ಇದ್ದಲ್ಲಿ ಇರುವುದಿಲ್ಲ. ಪಕ್ಕದ ಮನೆಯವರು ದಿನಕ್ಕೊಂದು ದೂರು ತರುತ್ತಾರೆ. ಬೆಳಿಗ್ಗೆ ಮಾತ್ರೆ ಎಂದರೆ ಅವಳಿಗೆ ಆಗುವುದಿಲ್ಲ. ಓಡಿಸಿ ಹಿಡಿದು, ಕಂಕುಳಲ್ಲಿ ಅಮುಕಿಕೊಂಡು, ನಾಲಿಗೆಯ ಮೇಲೆ ಇಡಬೇಕು. ನಿನ್ನೆ ಮಾತ್ರೆ ನುಂಗಿ, ನೀರು ಕುಡಿದು, ನನ್ನ ಬೆರಳನ್ನು ರಕ್ತ ಬರುವಂತೆ ಕಚ್ಚಿ ಓಡಿದಳು. ಬೈಯಲು ಬಾಯಿ ತೆರೆದವಳು ಹಾಗೆಯೇ ನಿಂತೆ. ದೊಡ್ಡವಳು ನನ್ನ ಮನೆಯಲ್ಲಿದ್ದಷ್ಟು ಕಾಲ ಒಂದು ದಿನವೂ ನನ್ನನ್ನು ಕಚ್ಚಿರಲಿಲ್ಲ.